ಗುರುಸಿದ್ದಪ್ಪ ಕಾಕಾನ ಮಾಫಿಗಳು

ಗುರುಸಿದ್ದಪ್ಪ ಕಾಕಾ ಬಾಯಿಗೆ ಬಂದದ್ದು ಅನ್ನುವಾಗ ಎಂದೂ ಮೈಕನ್ನು ಪರೀಕ್ಷಿಸಿ ನೋಡಿದವರಲ್ಲ. ಕ್ಷಮೆ ಕೇಳುವಾಗ ಮಾತ್ರ ಮೈಕಿಗೆ ಬೆರಳಿನಿಂದ ಎರಡು ಸಲ ಬಡಿದು, ಒಮ್ಮೆ ಉಫ್ ಎಂದು ಊದಿ, ಮೈದಾನದ ಕಟ್ಟಕಡೆಗೆ ಶೇಂಗಾ ಮಾರುತ್ತ ಕುಳಿತವಳನ್ನು ಕರೆದು, "ಯವ್ವಾ, ಅಲ್ಲಿತನಕ ಕೇಳಾಕ ಹತ್ತೈತಿಲ್ಲೋ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಎದೆಗೆ ಹಿಡಿಯುತ್ತಿದ್ದರು. ಕಣ್ಣು ಅರ್ಧ ಮುಚ್ಚುತ್ತಿದ್ದವು. ಆ ಟೊಪ್ಪಿಗೆ ಕೆಳಗಿಳಿಯಿತೆಂದರೆ ನಾನು ಕ್ಯಾಮರಾವನ್ನು ಆಟದಿಂದ ತಿರುಗಿಸಿ ಅವರ ಮುಖಕ್ಕೆ ಹಿಡಿಯಬೇಕು. ಆಡುವ ಹುಡುಗರು ಬೇಕಾದರೆ ಕೈಕಾಲು ಮುರಿದುಕೊಳ್ಳಲಿ.

ನನ್ನದು ಬೈಲಹೊಂಗಲದಲ್ಲಿ ಫೋಟೋ ಸ್ಟುಡಿಯೋ. ಎಲ್ಲರ ಕೈಯಲ್ಲೂ ಮೊಬೈಲ್ ಬಂದು ನನ್ನ ಫೋಟೋಕ್ಕೆ ಕಿಮ್ಮತ್ತಿಲ್ಲದಂತಾದಾಗ ಯೂಟ್ಯೂಬ್ ಚಾನೆಲ್ ತೆರೆದು ಸುತ್ತಲಿನ ಊರುಗಳ ಪಂದ್ಯಗಳನ್ನು ನೇರಪ್ರಸಾರ ಮಾಡತೊಡಗಿದೆ. ಕಾಕಾ ನನಗೆ ಸಂಬಂಧಿಯೇನಲ್ಲ, ಇಡೀ ಊರಿಗೆ ಕಾಕಾ. ಮಾರುಕಟ್ಟೆಯಲ್ಲಿ ಹತ್ತಿ, ಸೋಯಾಬೀನ್ ಸವಾಲು, ಅಂದರೆ ಹರಾಜು, ಕೂಗುತ್ತಿದ್ದವರು. ಸವಾಲು ಕಂಪ್ಯೂಟರಿಗೆ ಹೋದ ಮೇಲೆ ಅಷ್ಟು ದೊಡ್ಡ ಗಂಟಲು ಕೆಲಸವಿಲ್ಲದೆ ಉಳಿಯಿತು. ಅಂಥ ಗಂಟಲು ಹಾಳಾಗಬಾರದೆಂದು ನಾನೇ ಕರೆದು ಕಾಮೆಂಟರಿ ಹೇಳಲು ಮೈಕ್ ಕೊಟ್ಟೆ. ಊರಿಗೆ ಉಪಕಾರ ಮಾಡುವ ಚಟ ನನಗೆ ಮೊದಲಿನಿಂದಲೂ ಇದೆ.

ಮೊದಲ ಉಪಕಾರದ ಫಲ ಸವದತ್ತಿ ಕಡೆಯ ಒಂದು ಕಬಡ್ಡಿ ಪಂದ್ಯದಲ್ಲಿ ಸಿಕ್ಕಿತು. ಹೊಳೆಯ ಆಚೆಯ ಊರಿನ ತಂಡ ಸೋಲುತ್ತಿತ್ತು. ಕಾಕಾ ಉತ್ಸಾಹದಲ್ಲಿ, "ಈ ಊರಾವ್ರು ಗೆರಿ ಮುಟ್ಟೂದರಾಗ ಹಿಂದ, ಊಟದ ಪಂಕ್ತಿಯೊಳಗ ಮುಂದ!" ಎಂದುಬಿಟ್ಟರು. ಹತ್ತು ನಿಮಿಷದಲ್ಲಿ ಎರಡು ಟ್ರ್ಯಾಕ್ಟರ್ ಮಂದಿ ನಮ್ಮ ಟೇಬಲ್ಲಿನ ಸುತ್ತ ನಿಂತಿದ್ದರು. ಕಾಕಾ ಟೊಪ್ಪಿಗೆ ತೆಗೆದರು. "ನನ್ನ ಮಾತಿನಿಂದ ಯಾರ ಮನಸ್ಸಿಗರ ನೋವಾಗಿದ್ರ ಮಾಫಿ ಇರಲಿ. ಆ ಊರಾಗನೂ ನಾಕೈದು ಮಂದಿ ಛಲೋ ಅದಾರ." ಟ್ರ್ಯಾಕ್ಟರ್ ಮಂದಿ ಇನ್ನಷ್ಟು ಹತ್ತಿರ ಬಂದರು. ಕಾಕಾ ಮತ್ತೆ ಮೈಕ್ ಬಡಿದು, "ಊರೆಲ್ಲಾ ಛಲೋನ ಐತ್ರಿ, ಸಿಟ್ಟಿಗೆದ್ದ ನಾಕೈದು ಮಂದಿನ ಬಿಟ್ಟರ" ಎಂದರು. ಮೂರನೆಯ ಕ್ಷಮೆಯ ಹೊತ್ತಿಗೆ ಸಂಘಟಕರು ಅವರ ಬಾಯಿಯನ್ನೂ ನಾನು ಮೈಕನ್ನೂ ಮುಚ್ಚಿದ್ದರಿಂದ ಆ ಊರಿನ ಮಾನ ಉಳಿಯಿತು.

ಆ ವಾರ ಫೈನಲ್ ನೋಡಿದವರಿಗಿಂತ ಕ್ಷಮಾಪಣೆ ನೋಡಿದವರೇ ಹೆಚ್ಚು. ನನಗೂ ಜ್ಞಾನೋದಯವಾಯಿತು.

ಎರಡನೆಯದು ರಾಮದುರ್ಗದ ಕಡೆ ನಡೆದ ಎತ್ತಿನ ಗಾಡಿ ಓಟ. ಒಂದು ಎತ್ತು ನಡುದಾರಿಯಲ್ಲಿ ನಿಂತುಬಿಟ್ಟಿತು. ಕಾಕಾ, "ಇದು ಎತ್ತಲ್ಲೋ ತಮ್ಮಾ, ಸರಕಾರಿ ಫೈಲು. ಹಿಂದಿನಿಂದ ಯಾರರ ದಬ್ಬಿದ್ರನ ಮುಂದ ಹೋಗೂದು!" ಎಂದರು. ಯಾವುದಾದರೂ ಕಚೇರಿಯವರು ಸಿಟ್ಟಾಗುತ್ತಾರೇನೋ ಎಂದು ನಾನು ಹೆದರಿದ್ದೆ. ಕುಂಬಳಕಾಯಿ ಕಳ್ಳ ಅಂದರೂ ಅವರು ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಸಿಟ್ಟಾದವನು ಎತ್ತಿನ ಮಾಲಕ. "ನನ್ನ ಎತ್ತಿಗೆ ಫೈಲ್ ಅಂತೀರೇನ್ರಿ? ಮನಿ ಮಗಾ ಇದ್ದಂಗ ಐತಿ ಅದು. ನನಗ ಮಾಫಿ ಬ್ಯಾಡ. ಅದಕ್ಕ ಕೇಳ್ರಿ!"

ಕೇಳಿದರು. ಎತ್ತಿನ ಕಾಲಿಗೆ ನೀರು ಹಾಕಿ, ಹಣೆಗೆ ಭಂಡಾರ ಹಚ್ಚಿ, ಕೊರಳಿಗೆ ಮಾಲೆ ಹಾಕಿ, ಟೊಪ್ಪಿಗೆ ಎದೆಗೆ ಹಿಡಿದು, ನೇರಪ್ರಸಾರದಲ್ಲಿ, "ಬಸವಣ್ಣಾ, ನಿನ್ನ ಮನಸ್ಸಿಗೆ ನೋವಾಗಿದ್ರ..." ಎಂದು ಮೈಕನ್ನು ಅದರ ಮುಂದೆ ಹಿಡಿದರು. ನೊಂದವರು ಎರಡು ಮಾತಾಡಲಿ ಎಂಬ ಸೌಜನ್ಯವಿರಬೇಕು. ಎತ್ತು ಸ್ವಲ್ಪ ಯೋಚಿಸಿ, ಮೈಕಿನ ತುದಿಯ ಸ್ಪಂಜನ್ನು ಕಿತ್ತು ತಿಂದಿತು. ನಾನು ಕಂಡ ಎಲ್ಲ ಕ್ಷಮಾಪಣೆಗಳಲ್ಲಿ ಪೂರ್ತಿ ಸ್ವೀಕೃತವಾದದ್ದು ಅದೊಂದೇ.

ಅಲ್ಲಿಂದ ಮುಂದೆ ಕಾಕಾನ ಹೆಸರು ಕಿತ್ತೂರಿನಿಂದ ರಾಮದುರ್ಗದವರೆಗೂ ಹಬ್ಬಿತು. ಸಂಘಟಕರು ಕಾರ್ಯಕ್ರಮದ ಪತ್ರಿಕೆ ಅಚ್ಚು ಹಾಕಿಸುವಾಗ ಉದ್ಘಾಟನೆ, ಸನ್ಮಾನ, ಬಹುಮಾನ ವಿತರಣೆಗಳ ನಡುವೆ ಸ್ವಲ್ಪ ಜಾಗ ಬಿಡುತ್ತಿದ್ದರು. ಪಂಪ್‌ಸೆಟ್ ಅಂಗಡಿಯವನೊಬ್ಬ, "ಕಾಕಾ ಮಾಫಿ ಕೇಳೂಮುಂದ ಹಿಂದ ನಮ್ಮ ಬ್ಯಾನರ್ ಕಾಣೂಹಂಗ ನಿಂದ್ರಿಸ್ರಿ" ಎಂದು ಕೇಳಿಕೊಂಡ. ನಿಲ್ಲಿಸಿದೆ. ಪಶ್ಚಾತ್ತಾಪಕ್ಕೂ ಒಂದು ಹಿನ್ನೆಲೆ ಬೇಕಲ್ಲ.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ ಕಾಕಾ" ಎಂದು ಒಮ್ಮೆ ಕೆಣಕಿದ್ದೆ. ಅವರು ಚಹಾವನ್ನು ಬಸಿ ತಟ್ಟೆಗೆ ಸುರುವಿಕೊಂಡು ನಕ್ಕರು. "ಒಡದ ಮುತ್ತು ಅಂಟಿಸಿ ಮಾರವ್ರನ್ನ ನೀ ಪ್ಯಾಟ್ಯಾಗ ನೋಡಿಲ್ಲೇನೋ? ಅಂದಬಿಡೂದು, ಆಮ್ಯಾಲೆ ಮಾಫಿ ಕೇಳಿಬಿಡೂದು. ಮಂದಿಗೆ ಎರಡ ಸಲ ಖುಷಿ. ಯಾರಿಗೇನು ಲುಕ್ಸಾನಾತು?"

ಲುಕ್ಸಾನು ಯಾರಿಗೆ ಎಂಬುದು ನೇಸರಗಿಯಲ್ಲಿ ಗೊತ್ತಾಯಿತು.

ಅಂದು ಹೆಣ್ಣುಮಕ್ಕಳ ಕಬಡ್ಡಿ. ಮುನವಳ್ಳಿಯ ತಂಡದಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಎದುರು ತಂಡದ ಇಬ್ಬರು ಸೊಂಟ ಹಿಡಿದರೂ ಅವರನ್ನೂ ಎಳೆದುಕೊಂಡು ಬಂದು ನಡುಗೆರೆ ಮುಟ್ಟಿದಳು. ಅಂಥ ಆಟವನ್ನು ನಾನು ಗಂಡುಮಕ್ಕಳಲ್ಲೂ ಕಂಡಿರಲಿಲ್ಲ. ಕಾಕಾ ಎದ್ದು ನಿಂತು ಕೂಗಿದರು: "ಅಬಬಬಾ! ಇದೇನು ಹೆಣ್ಣೋ, ರೋಡ್ ರೋಲರೋ? ಇಂಥಾಕಿನ್ನ ಮಾಡಿಕೊಳ್ಳಾವ ಅಕ್ಕಿಕಾಳ ಬೀಳೂಕಿಂತ ಮದಲ ದವಾಖಾನ್ಯಾಗ ಒಂದು ಕಾಟ್ ಹಿಡದಿಡಬೇಕು!"

ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಆ ಪಂದ್ಯವನ್ನು ರೇಣುಕಾಳ ತಂಡ ಗೆದ್ದಿತು ಎಂಬುದು ಯಾರಿಗೂ ನೆನಪುಳಿಯಲಿಲ್ಲ. ಉಳಿದದ್ದು ರೋಲರ್.

ಅವಳ ಅಪ್ಪ ಫಕೀರಪ್ಪ ಮುನವಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಟೇಲರ್. ಇಡೀ ತಂಡಕ್ಕೆ ಅಂಗಿ ಹೊಲಿದು ಕೊಟ್ಟವನು ಅವನೇ. ಅವನ ಅಂಗಡಿಯ ಬಾಕಿನ ಮೇಲೆ ಹೊತ್ತು ಕಳೆಯಲು ದಿನವೂ ಕುಳಿತುಕೊಳ್ಳುವ ನಾಲ್ಕೈದು ಮಂದಿ ಮೊಬೈಲಿನಲ್ಲಿ ಆ ತುಣುಕನ್ನು ತಿರುಗಿ ತಿರುಗಿ ಹಾಕಿ, "ಏನಪಾ ಫಕೀರಪ್ಪಾ, ರೋಲರ್‌ಗೆ ಎಷ್ಟು ಮೀಟರ್ ಅರಬಿ ಹತ್ತತೈತಿ?" ಎಂದು ಕೇಳುತ್ತಿದ್ದರಂತೆ. ಒಂದು ವಾರ ಕೇಳಿಸಿಕೊಂಡ. ಎಂಟನೇ ದಿನ ಮಗಳ ಆಟದ ಅಂಗಿಯನ್ನು ತೆಗೆದುಕೊಂಡು ಹೋಗಿ ಅಂಗಡಿಯ ಮೊಳೆಗೆ ತೂಗುಹಾಕಿ, ಇನ್ನು ಆಡುವುದು ಬೇಡ ಎಂದ. ಮುಂದಿನ ತಿಂಗಳು ಬೈಲಹೊಂಗಲದಲ್ಲಿ ಅದೇ ಪಂದ್ಯಾವಳಿಯ ಫೈನಲ್ ಇತ್ತು. ಜಿಲ್ಲೆಯ ತಂಡಕ್ಕೆ ಆಟಗಾರರನ್ನು ಆರಿಸುವುದು ಅಲ್ಲಿಯೇ.

ಸುದ್ದಿ ಕೇಳಿ ಕಾಕಾ ಮೂರು ದಿನ ಸ್ಟುಡಿಯೋ ಕಡೆ ಸುಳಿಯಲಿಲ್ಲ. ನಾಲ್ಕನೇ ದಿನ ಬಂದವರು ದೊಡ್ಡ ಯೋಜನೆಯನ್ನೇ ಹೊತ್ತುಕೊಂಡು ಬಂದಿದ್ದರು. ಫೈನಲ್ ಶುರುವಾಗುವ ಮೊದಲು ವೇದಿಕೆಗೆ ಹುಡುಗಿಯನ್ನೂ ಅಪ್ಪನನ್ನೂ ಕರೆಸುವುದು, ಶಾಲು, ಮಾಲೆ, ಹಿಂದೆ ಪಂಪ್‌ಸೆಟ್ಟಿನ ಬ್ಯಾನರು, ಮುಂದೆ ಕಾಕಾ. "ಇಂಥಾ ಮಾಫಿ ಬೆಳಗಾವಿ ಜಿಲ್ಲಾದಾಗ ಯಾರೂ ಕೇಳಿರಬಾರದು ನೋಡು" ಎನ್ನುತ್ತಿದ್ದಾಗಲೇ ಸ್ಟುಡಿಯೋದ ಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಬಿ.ಎ. ಓದುವ ಹುಡುಗಿ, ಹೆಗಲಲ್ಲಿ ಕಾಲೇಜಿನ ಚೀಲ. ಕಾಕಾ ಗಡಬಡಿಸಿ ಟೊಪ್ಪಿಗೆಗೆ ಕೈಹಾಕಿದರು.

"ಟೊಪಿಗಿ ಇರಲಿ ಬಿಡ್ರಿ ಕಾಕಾ. ನೀವು ಮೈಕ್‌ನ್ಯಾಗ ಮಾಫಿ ಕೇಳೇ ಕೇಳತೀರಂತ ಗೊತ್ತಿತ್ತು. ಕೇಳಬ್ಯಾಡ್ರಿ ಅಂತ ಹೇಳಾಕ ಬಂದೇನಿ."

"ಯಾಕವಾ ತಂಗಿ?"

"ಮಾಫಿ ಕೇಳಬೇಕಂದ್ರ ಏನಂದಿದ್ದೆ ಅಂತ ಮತ್ತೊಮ್ಮೆ ಹೇಳಬೇಕಲ್ಲರಿ. ಮದಲ ಕೇಳದಾವ್ರೂ ಆವಾಗ ಕೇಳತಾರು. ನಿಮ್ಮ ಮಾತು ನೇಸರಗಿ ಬಿಟ್ಟು ಮುನವಳ್ಳಿತನಕ ಅಷ್ಟ ಬಂದೈತಿ. ನಿಮ್ಮ ಮಾಫಿ ಊರೂರು ತಿರಗತೈತಿ."

ನಾನು ಕಂಪ್ಯೂಟರಿನ ಕಡೆ ಮುಖ ತಿರುಗಿಸಿದೆ. ಊರೂರು ತಿರುಗಿಸುವವನು ನಾನೇ ಆಗಿದ್ದೆನಲ್ಲ.

"ಹಂಗಾರ ನಾ ಏನ ಮಾಡ್ಲಿ? ನನಗ ಬರೂದು ಅದೊಂದ" ಎಂದರು ಕಾಕಾ.

"ಮೈಕ್ ಬಿಟ್ಟು, ಕ್ಯಾಮರಾ ಬಿಟ್ಟು ನಮ್ಮಪ್ಪನ ಅಂಗಡಿಗೆ ಬರ್ರಿ. ನಕ್ಕವ್ರು ದಿನಾ ಅಲ್ಲೇ ಕುಂತಿರತಾರ."

"ಎಷ್ಟು ಮಂದಿ ಇರತಾರ?"

"ಇರತಾರ, ನಾಕೈದು ಮಂದಿ."

ಸಾವಿರಾರು ಜನರೆದುರು ಕಣ್ಣುಮುಚ್ಚಿ ಕ್ಷಮೆ ಕೇಳುತ್ತಿದ್ದ ಮನುಷ್ಯ ಈ ನಾಲ್ಕೈದು ಮಂದಿಗೆ ಬೆವರಿದರು. ಜೊತೆಗೆ ಬಾ ಎಂದು ನನ್ನನ್ನೂ ಎಳೆದುಕೊಂಡು ಮುನವಳ್ಳಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು, ದನಿಯಿಲ್ಲ.

ಅಂಗಡಿಯಲ್ಲಿ ಫಕೀರಪ್ಪ ಹೊಲಿಗೆ ಯಂತ್ರ ತುಳಿಯುತ್ತಿದ್ದ. ನಮ್ಮನ್ನು ನೋಡಿದ. ಕಾಲು ನಿಲ್ಲಿಸಲಿಲ್ಲ. ಬಾಕಿನ ಮೇಲಿನವರು ಮಾತ್ರ ಹಿಗ್ಗಿ, "ಬರ್ರಿ ಕಾಕಾ, ಒಂದು ಡೈಲಾಗ್ ಒಗೀರಿ!" ಎಂದರು. ಕಾಕಾ ಬಾಗಿಲಿನ ಚೌಕಟ್ಟಿಗೆ ಬೆರಳಿನಿಂದ ಎರಡು ಸಲ ಬಡಿದರು. ಮೈಕ್ ಅಲ್ಲ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದರು. ಹತ್ತಿಯ ಸವಾಲಿನಲ್ಲಿ ಇಡೀ ಮಾರುಕಟ್ಟೆಗೆ ಕೇಳುತ್ತಿದ್ದ ಆ ಗಂಟಲು ಒಂದು ಹೊಲಿಗೆ ಯಂತ್ರದ ಸಪ್ಪಳವನ್ನು ದಾಟಲಾರದೆ ಹೋಯಿತು. "ಯಾರ ಮನಸ್ಸಿಗರ ನೋವಾಗಿದ್ರ..." ಎಂದು ಶುರು ಮಾಡಿದರು.

ಯಂತ್ರ ನಿಂತಿತು. "ಯಾರ ಮನಸ್ಸಿಗೆ ಅಂತ ಗೊತ್ತಿಲ್ಲೇನ್ರಿ ನಿಮಗ?" ಎಂದ ಫಕೀರಪ್ಪ. "ಗೊತ್ತಿಲ್ಲಂದ್ರ ಬಸ್ ಹತ್ತಿ ಇಲ್ಲಿತನಕ ಯಾಕ ಬಂದ್ರಿ?"

ಕಾಕಾ ಮೊಳೆಗೆ ತೂಗುಬಿದ್ದಿದ್ದ ಅಂಗಿಯನ್ನು ನೋಡಿದರು. ಟೊಪ್ಪಿಗೆ ತಲೆಯ ಮೇಲೆಯೇ ಇತ್ತು.

"ನಿಮ್ಮ ಮಗಳು ಭಾಳ ಛಂದ ಆಡಿದ್ಲರಿ ಅವತ್ತು. ನಾ ಅದನ್ನ ಹೇಳಬೇಕಾಗಿತ್ತು. ಅದನ್ನ ಹೇಳಿದ್ರ ಯಾರೂ ನಗೂದಿಲ್ಲ ಅಂತ ಬ್ಯಾರೇದು ಹೇಳಿದೆ. ತಪ್ಪಾತು." ಆಮೇಲೆ ಬಾಕಿನ ಕಡೆ ತಿರುಗಿ, "ನೀವು ನಕ್ಕಿದ್ದೂ ನನ್ನ ಮಾತಿಗೆ. ಇನ್ನ ಸಾಕು ಮಾಡ್ರಪಾ" ಎಂದರು.

ಯಾರೂ ನಗಲಿಲ್ಲ. ಅಂಥ ಒಣ, ಬಡವಾದ ಕ್ಷಮೆಯನ್ನು ನಮ್ಮ ಚಾನೆಲ್ಲಿಗೆ ಹಾಕಿದ್ದರೆ ಒಂದು ನಾಯಿಯೂ ನೋಡುತ್ತಿರಲಿಲ್ಲ.

ಫಕೀರಪ್ಪ ದಾರ ಕಡಿದ. "ಆಕಿ ಆಡಲಿ. ಆದರ ಆಕಿ ಆಡೂಮುಂದ ನೀವು ಬಾಯಿ ತಗೀಬಾರದು. ಬೈಯೂದಂತೂ ಬ್ಯಾಡ, ಹೊಗಳೂದೂ ಬ್ಯಾಡ."

ಮಾತಾಡದೆ ಕುಳಿತುಕೊಳ್ಳುವುದಕ್ಕಿಂತ ಎತ್ತಿನ ಕಾಲು ಹಿಡಿಯುವುದೇ ಕಾಕಾನಿಗೆ ಸುಲಭವಿತ್ತು. ಆದರೂ ಹೂಂ ಎಂದು ಬಂದರು.

ಫೈನಲ್ ದಿನ ಕಾಕಾ ನನ್ನ ಪಕ್ಕದಲ್ಲಿ ಕುಳಿತಿದ್ದರು, ಟವೆಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಅವರ ಮೈಕನ್ನು ನಾನು ಬಂದ್ ಮಾಡಿದ್ದೆ. ಅಂಕಣದ ಬದಿಗೆ ಇಟ್ಟಿದ್ದ ಸಣ್ಣ ಮೈಕೊಂದೇ ಚಾಲೂ ಇತ್ತು. ಫಕೀರಪ್ಪ ಎದುರಿನ ಸಾಲಿನಲ್ಲಿ ಆಟ ಬಿಟ್ಟು ಕಾಕಾನ ಬಾಯಿಯನ್ನೇ ಕಾಯುತ್ತಿದ್ದ. ರೇಣುಕಾ ಅದೇ ಅಂಗಿ ತೊಟ್ಟು ಗೆರೆ ದಾಟಿದಳು. "ಕಬಡ್ಡಿ, ಕಬಡ್ಡಿ, ಕಬಡ್ಡಿ..." ಒಂದೇ ಉಸಿರು, ಸಣ್ಣ ದನಿ, ನಡುವೆ ಮಣ್ಣಿನ ಮೇಲೆ ಕಾಲು ಜಾರುವ ಸಪ್ಪಳ. ಕಿವಿಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಿನ ಒಂದು ಬದಿಯನ್ನು ತೆಗೆದು ನಾನು ಕಾಕಾನ ಕಿವಿಗೆ ಹಿಡಿದೆ. ಅವರು ಟವೆಲು ಬಿಟ್ಟು ನನ್ನನ್ನೇ ನೋಡಿದರು.

"ಇಷ್ಟ ದಿನಾ ನಾ ಇದರ ಮ್ಯಾಗ ಮಾತಾಡಿದ್ನೇನೋ?" ಎಂದು ಪಿಸುಗುಟ್ಟಿದರು.

ರೇಣುಕಾ ಇಬ್ಬರನ್ನು ಔಟ್ ಮಾಡಿ ಬಂದಳು. ಜಿಲ್ಲೆಯ ತಂಡಕ್ಕೆ ಅವಳ ಹೆಸರು ಕೂಗಿದಾಗ ಫಕೀರಪ್ಪ ಕಾಕಾನ ಕಡೆ ನೋಡಿ ಒಮ್ಮೆ ತಲೆಯಾಡಿಸಿದ. ಅಷ್ಟೇ. ಅಪ್ಪಿಕೊಳ್ಳಲಿಲ್ಲ, ಕೈ ಹಿಡಿಯಲಿಲ್ಲ, ಒಳ್ಳೆಯ ಫೋಟೋ ಒಂದೂ ಸಿಗಲಿಲ್ಲ.

ನನ್ನ ಮೊಬೈಲಿನಲ್ಲಿ ಮಾತ್ರ ಬೆಂಕಿ ಹತ್ತಿತ್ತು. "ಸೌಂಡ್ ಎಲ್ಲಿ?" "ಕಾಕಾನ್ನ ಯಾಕ ಬಂದ್ ಮಾಡೀರಿ?" "ಕಾಮೆಂಟರಿ ಇಲ್ಲದ ಪಂದ್ಯ ತೋರಿಸಿ ನಮ್ಮ ಭಾವನೆಗೆ ನೋವು ಮಾಡಿದ್ದಕ್ಕೆ ಚಾನೆಲ್‌ನವರು ಬಹಿರಂಗವಾಗಿ ಕ್ಷಮೆ ಕೇಳಬೇಕು." ಯಾರನ್ನೂ ಅವಮಾನಿಸದ ಮೊದಲ ಪ್ರಸಾರಕ್ಕೆ ಬಂದ ಸನ್ಮಾನ ಇದು. ನೋಡುವ ಮಂದಿಯನ್ನು ಕಳೆದುಕೊಳ್ಳುವ ಭಯದಲ್ಲಿ ನಾನು ಮೈಕಿಗೆ ಕೈಹಾಕಿ ಎರಡು ಸಲ ಬಡಿದೆ. ಕಾಕಾ ಆ ಮೈಕನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು, ವೈರು ಸುತ್ತಿದರು, ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

"ಎಲ್ಲಾಕ್ಕೂ ಕೇಳೇವಿ ತಮ್ಮಾ. ಇದೊಂದಕ್ಕ ಕೇಳಬ್ಯಾಡ" ಎಂದು ಟೊಪ್ಪಿಗೆ ಸರಿಮಾಡಿಕೊಂಡು ಮನೆಯ ಕಡೆ ನಡೆದರು.

ಮತ್ತೆ ಅವರು ಮೈದಾನಕ್ಕೆ ಬರಲಿಲ್ಲ. ಅವರು ತೀರಿಕೊಂಡು ಈಗ ಎರಡು ಮಳೆಗಾಲ ಕಳೆದವು. ಆ ಪ್ರಸಾರದ ಕೆಳಗೆ ಕ್ಷಮೆ ಕೇಳಿರೆಂಬ ಕೂಗು ಇನ್ನೂ ಹಾಗೆಯೇ ಇದೆ. ನಾನು ಇನ್ನೂ ಕೇಳಿಲ್ಲ.