ವ್ಯಾನಿನೊಳಗಿನ ಹಳದಿ ಉರಿ

ಪಳನಿಯಮ್ಮನಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಸೇಲಂನ ನೇಕಾರರ ಕೇರಿಯಲ್ಲಿ ಹುಟ್ಟಿದವಳಾದರೂ ಮಗ್ಗದ ಗುಂಡಿಗೆ ಇಳಿದರೆ ಉಸಿರು ಕಟ್ಟಿದಂತಾಗಿ ಎದ್ದು ಬಂದುಬಿಡುವಳು. ಗಂಡ ಚಿನ್ನರಾಜ್ ಹಳೆಯ ವ್ಯಾನೊಂದನ್ನು ತಂದಾಗ, "ನೇಯೋರು ನೇಯ್ಲಿ, ಮಾರಾಕೆ ನಾವು ಓಗಾನ" ಎಂದವಳು ಅವಳೇ. ಮಲಗಲು ಹಲಗೆ, ಅಡುಗೆಗೆ ಒಲೆ, ಸುತ್ತ ಸೀರೆಯ ಗಂಟು. ಅದೇ ಅವರ ಮನೆ, ಅದೇ ಅಂಗಡಿ.

ತೊಂಬತ್ತಾರರ ಡಿಸೆಂಬರಿನಲ್ಲಿ, ಮಾರ್ಗಳಿ ತಿಂಗಳ ಚಳಿಗೆ, ಬೆಟ್ಟದ ಮೇಲಿನ ಯೇರ್ಕಾಡಿನ ಕಾಫಿ ತೋಟಗಳಿಗೆ ಹೊರಟರು. ಹೊರಡುವ ಮೊದಲು ಓಮಲೂರಿನ ಗ್ಯಾಸ್ ರಿಪೇರಿ ಅರುಣಾಚಲಂ ವ್ಯಾನಿಗೊಂದು ಹೀಟರ್ ಕೂರಿಸಿಕೊಟ್ಟ. ತಗಡಿನ ಪೆಟ್ಟಿಗೆಯೊಳಗೆ ಗ್ಯಾಸ್ ಉರಿ, ಹೊಗೆಗೆ ಚಾವಣಿಯವರೆಗೆ ಕೊಳವೆ, ಬಿಸಿ ಹರಡಲು ಬ್ಯಾಟರಿಯ ಫ್ಯಾನು. ಓಮಲೂರಿನಲ್ಲಿ ಉರಿ ನೀಲಿಯಾಗಿ ನೆಟ್ಟಗೆ ನಿಂತಿತ್ತು.

ಬೆಟ್ಟ ಹತ್ತಿದ ಮೇಲೆ ಅದೇ ಉರಿ ಹಳದಿಯಾಗಿ ನಾಲಿಗೆ ಚಾಚತೊಡಗಿತು. ಫ್ಯಾನು ಸೋತು ತಿರುಗುತ್ತಿತ್ತು. ಚಿನ್ನರಾಜ್ ಮಾತ್ರ ಬಿಸಿ ಹೊರಗೆ ಹೋಗದಿರಲೆಂದು ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದ.

"ಉರಿ ಯಾಕೋ ಸರಿಯಿಲ್ಲ ಕಣ್ರೀ. ಕಣ್ಣು ಉರೀತೈತೆ."

"ಚಳಿಗೆ ಅಂಗೇ. ಸುಮ್ನೆ ಕೂತ್ಕೋ ಲೇ."

ಅವಳು ಕೂರಲಿಲ್ಲ. ಅಂದು ಮಧ್ಯಾಹ್ನ ಮಂಜು ಕವಿದು ಗಿರಾಕಿಗಳೇ ಬರಲಿಲ್ಲ. ಚಿನ್ನರಾಜ್ ತಲೆನೋವೆಂದು ಮಲಗಿದ. ಪಳನಿಯಮ್ಮ ಇಳಿದು ರಸ್ತೆಯ ತನಕ ಹೋದಳು, ಯಾರೂ ಕಾಣಲಿಲ್ಲ. ತೋಟದ ಗೇಟಿನ ಬಳಿ ನಿಂತಳು, ಅಲ್ಲೂ ನಿಲ್ಲಲಾಗಲಿಲ್ಲ. ವಾಪಸು ಬಂದು ಬಾಗಿಲೆಳೆದರೆ ಕಮಟು ವಾಸನೆ ಮುಖಕ್ಕೆ ಹೊಡೆಯಿತು. ಕೂಗಿದರೆ ಅವನು ಓಗೊಡಲಿಲ್ಲ.

ಕಂಕುಳಿಗೆ ಕೈಹಾಕಿ ದರದರನೆ ಎಳೆದು ಹುಲ್ಲಿನ ಮೇಲೆ ಹಾಕಿದಳು. ಕೆನ್ನೆಗೆ ಬಡಿದಳು, ಅತ್ತಳು, ಬೈದಳು. ಎಷ್ಟೋ ಹೊತ್ತಿಗೆ ಅವನು ಕೆಮ್ಮಿ, ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ.

"ಆ ಪೆಟ್ಟಿಗೆ ಕಿತ್ತು ಬಿಸಾಕು" ಎಂದ.

"ಬಿಸಾಕಿ ಚಳೀಲಿ ಸಾಯಾನಾ? ಮಾಡ್ದೋನ್ನೇ ಕರ್ಕೊಂಬರ್ತೀನಿ."

ಮರುದಿನ ಬಸ್ಸಿನಲ್ಲಿ ಬೆಟ್ಟ ಇಳಿದು ಓಮಲೂರಿಗೆ, ಅರುಣಾಚಲಂನ ಅಂಗಡಿಗೆ ಹೋದಳು. ಪೆಟ್ಟಿಗೆಯನ್ನೇ ಇಲ್ಲಿಗೆ ತರಬಹುದಲ್ಲ ಎಂದ ಅವನು.

"ಇಲ್ಲಿ ಸರಿಯಾಗೇ ಉರೀತೈತೆ ಅಣ್ಣಾ, ಮೇಲೇ ಕೆಡೋದು. ನೀನೇ ಬಂದು ನೋಡು."

ಅವನು ಬಂದ. ಕೊಳವೆ ಬಿಚ್ಚಿದರೆ ಒಳಗೆಲ್ಲ ಮಸಿ. "ಮೇಲೆ ಗಾಳಿ ತೆಳು, ಗ್ಯಾಸು ಮಾತ್ರ ಕೆಳಗಿನಷ್ಟೇ ಬರ್ತೈತೆ. ಅದ್ಕೇ ಪೂರಾ ಉರೀದೆ ವಿಷದ ಹೊಗೆ ಕಟ್ಕೊಂತೈತೆ. ನಾನು ಇದನ್ನ ಯೋಚ್ನೆ ಮಾಡ್ಲಿಲ್ಲ ತಂಗಚ್ಚಿ" ಎಂದು ಮುಖ ಸಣ್ಣ ಮಾಡಿಕೊಂಡ. ಗ್ಯಾಸು ಬರುವ ತೂತನ್ನು ಕಿರಿದು ಮಾಡಿದ. ಉರಿಗೆ ಹೊರಗಿನ ಗಾಳಿಯೇ ಸಿಗುವಂತೆ ತಳದಿಂದ ಕೊಳವೆ ಹಾಕಿದ. ಫ್ಯಾನಿಗೆ ಬೇರೆ ಬ್ಯಾಟರಿ ಕೊಟ್ಟ. ಹಚ್ಚಿದಾಗ ಉರಿ ನೀಲಿಗೆ ತಿರುಗಿತು. ಸಂದಿಯ ಬಟ್ಟೆಗಳನ್ನು ಪಳನಿಯಮ್ಮ ತಾನೇ ಕಿತ್ತೆಸೆದಳು.

ಕಾಫಿ ಕೊಯ್ಯುವ ಹೆಂಗಸರು ವ್ಯಾನಿಗೆ ಹತ್ತಿ, ಕೈ ಕಾಸಿಕೊಳ್ಳುತ್ತ ಸೀರೆ ಆರಿಸತೊಡಗಿದರು. ಅವರು ಅಂಚು ಸವರಿ ನೋಡುವಾಗಲೂ ಪಳನಿಯಮ್ಮನ ಕಣ್ಣು ಉರಿಯ ಮೇಲೇ.

ಮರುವರ್ಷ ಊಟಿಗೆ ಹೋದರು. ಅಲ್ಲಿ ಇನ್ನೂ ಎತ್ತರ, ಉರಿ ಮತ್ತೆ ಹಳದಿಯಾಯಿತು. ಪಳನಿಯಮ್ಮ ಬಾಯಿ ತೆರೆಯುವ ಮೊದಲೇ ಚಿನ್ನರಾಜ್ ಗ್ಯಾಸ್ ತಿರುಗಿಸಿ ಆರಿಸಿದ. ಮಾರಲು ತಂದ ಸೀರೆಗಳನ್ನೇ ಮೈತುಂಬ ಸುತ್ತಿಕೊಂಡು ಇಬ್ಬರೂ ರಾತ್ರಿಯೆಲ್ಲ ನಡುಗುತ್ತ ಕುಳಿತರು. ಬೆಳಗಾದ ಮೇಲೆ ಗ್ಯಾಸ್ ರಿಪೇರಿಯವರನ್ನು ಹುಡುಕಿಕೊಂಡು ಹೊರಟರು.