ಬೆನ್ನು ತಿರುಗಿಸಿ ಕೂತು ಕೇಳುತ್ತಿದ್ದವರು

ಮೊನ್ನೆ ಹೆಂಡತಿ ಉಪ್ಪಿನಕಾಯಿಗೆಂದು ನಿಂಬೆಹಣ್ಣು ಹೋಳು ಮಾಡಿ, ಅರಿಸಿನ ಸುರಿದು, ಎಣ್ಣೆ ಹಾಕಿ ಕಲಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಭುಜಗಳು ತಾವಾಗಿಯೇ ಸೆಟೆದುಕೊಂಡವು. ಬಾಯಲ್ಲಿ ನೀರೂರಬೇಕಾದ ಹೊತ್ತಿನಲ್ಲಿ ನನಗೆ ಮಣ್ಣಿನ ನೆನಪಾಯಿತು! ರಬಕವಿಯ ನಮ್ಮ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿಗೂ ಇದೇ ಮಸಾಲೆ: ಅರಿಸಿನ, ಎಣ್ಣೆ, ನಿಂಬೆರಸ, ಮೇಲಿಷ್ಟು ಮಜ್ಜಿಗೆ. ಕುಸ್ತಿ ಆಡುವ ಹುಡುಗರಿಗೆ ಗಾಯವಾದರೆ ನಂಜಾಗಬಾರದೆಂದು ವಸ್ತಾದರು ತಾವೇ ಸಲಿಕೆ ಹಿಡಿದು ಅದನ್ನು ಹದ ಮಾಡುತ್ತಿದ್ದರು. ನಮಗೆ ಕುಸ್ತಿ ಕಲಿಸಿದವರು ಅವರು. ಅವರ ಹೆಸರು ಊರಿಗೆಲ್ಲ ಗೊತ್ತಿತ್ತು, ನಾವು ಹುಡುಗರು ಮಾತ್ರ ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ.

ಎಪ್ಪತ್ತರ ದಶಕದ ಮಾತಿದು. ತಾಲೀಮಿನಲ್ಲಿ ತಕ್ಕಡಿ ಇರಲಿಲ್ಲ, ಎತ್ತರ ಅಳೆಯುವ ಪಟ್ಟಿಯೂ ಇರಲಿಲ್ಲ. ಬೆಳಿಗ್ಗೆ ಒಬ್ಬೊಬ್ಬರೇ "ಹರಹರ ಮಹಾದೇವ" ಎಂದು ಕೂಗಿ ಮಣ್ಣಿಗೆ ಇಳಿಯಬೇಕು. ವಸ್ತಾದರು ಹೊರಗೆ ಕಟ್ಟೆಯ ಮೇಲೆ ನಮಗೆ ಬೆನ್ನು ತಿರುಗಿಸಿ ಕೂತು ಚಹಾ ಕುಡಿಯುತ್ತ ಕೇಳುತ್ತಿದ್ದರು. ಒಂದು ದಿನ ಯಾವನೋ ಒಬ್ಬನ ಕೂಗು ನಡುವೆಯೇ ಒಡೆದು, ಅರ್ಧ ಮೇಲೆ, ಅರ್ಧ ಕೆಳಗೆ ಹೋಗುತ್ತಿತ್ತು. ಅವರು ಚಹಾದ ಬಶಿಯನ್ನು ಕೆಳಗಿಟ್ಟು, ತಿರುಗದೆಯೇ ತೊಡೆ ತಟ್ಟುತ್ತಿದ್ದರು.

"ಬಂತಲೇ, ಬಂತು! ನಾಳಿಂದ ದೊಡ್ಡವರ ಕೂಡ ಇಳಿ. ನಿಮ್ಮವ್ವಗ ಅರ್ಧ ಸೇರು ಹಾಲು ಹೆಚ್ಚಿಗಿ ಕೇಳು."

ದನಿ ಒಡೆಯದ ಹುಡುಗನ ಎಲುಬು ಇನ್ನೂ ಹಸಿ, ಅವನನ್ನು ನಾಲ್ಕು ಜನರ ಮುಂದೆ ಕುಸ್ತಿಗೆ ಬಿಡಬಾರದು ಎಂಬುದು ಅವರ ಹಟ. ಈ ಕಿವಿಗೆ ಸುತ್ತಲಿನ ತಾಲೀಮುಗಳೂ ತಲೆಬಾಗಿದ್ದವು. ವರ್ಷಕ್ಕೊಮ್ಮೆ ನಡೆಯುವ ಮುಧೋಳದ ಕುಸ್ತಿ ಮೈದಾನದಲ್ಲಿ ಯಾವ ಹುಡುಗನಿಗೆ ಯಾವ ಹುಡುಗನನ್ನು ಜೋಡಿ ಹಚ್ಚಬೇಕೆಂದು ಹೇಳುವವರು ಇಪ್ಪತ್ತು ವರ್ಷದಿಂದ ಅವರೇ.

ನಮ್ಮ ಓಣಿಯಲ್ಲಿ ನಾನು ಮತ್ತು ನನ್ನ ಗೆಳೆಯ ಒಂದೇ ವಾರದಲ್ಲಿ ಹುಟ್ಟಿದವರು. ಅವನಿಗೆ ಹನ್ನೆರಡು ತುಂಬುವ ಮೊದಲೇ ಮೀಸೆ! ಬಸ್ಸಿನ ಕಂಡಕ್ಟರ್ ಅವನಿಗೆ ಫುಲ್ ಟಿಕೆಟ್ ಹರಿದಾಗ ಅವನು ನಾಚಿ ಅತ್ತಿದ್ದ. ಸಾಲೆಯಲ್ಲಿ ಎಲ್ಲರೂ ಅವನನ್ನು "ಮಾವಾ" ಎಂದು ಕಾಡಿಸುತ್ತಿದ್ದರು. ಇನ್ನೊಬ್ಬನಿಗೆ ದನಿ ಒಡೆಯಿತು, ಎತ್ತರ ಬರಲಿಲ್ಲ. ಮತ್ತೊಬ್ಬ ಒಂದೇ ಬೇಸಿಗೆಯಲ್ಲಿ ಬಾಗಿಲಿಗೆ ತಲೆ ಬಡಿಯುವಷ್ಟು ಬೆಳೆದ, ದನಿ ಮಾತ್ರ ತಂಗಿಯದೇ. ನನಗೋ ಹದಿನಾರಾದರೂ ಏನೂ ಇಲ್ಲ! ಜಮಖಂಡಿಗೆ ಹೋಗುವಾಗ ಅವ್ವ ಇನ್ನೂ ನನಗೆ ಅರ್ಧ ಟಿಕೆಟ್ಟನ್ನೇ ಕೇಳುತ್ತಿದ್ದಳು. ಕಂಡಕ್ಟರನೂ ಮರುಮಾತಿಲ್ಲದೆ ಕೊಡುತ್ತಿದ್ದ. ಅದು ನನ್ನ ಹೊಟ್ಟೆಗೆ ಬೆಂಕಿ ಹಚ್ಚುತ್ತಿತ್ತು.

ಅಪ್ಪನ ಬ್ಲೇಡಿನಿಂದ ಮೇಲ್ದುಟಿ ಕೆರೆದುಕೊಂಡೆ, ಗಾಯವಾಯಿತೇ ಹೊರತು ಮೀಸೆ ಬರಲಿಲ್ಲ. ನಮ್ಮದು ಲಿಂಗಪೂಜೆಯ ಮನೆ, ಆದರೂ ಮೈ ಬೆಳೆಯಲೆಂದು ನಾನು ಗೆಳೆಯನ ಮನೆಯ ಹಿತ್ತಲಲ್ಲಿ ಕದ್ದು ತತ್ತಿ ತಿಂದೆ. ಆ ವರ್ಷವಾದರೂ ಮುಧೋಳದ ಮೈದಾನಕ್ಕೆ ಇಳಿಯಲೇಬೇಕಿತ್ತು ನನಗೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಎರಡು ದಿನ ಹಸಿ ಹುಣಸೆಕಾಯಿ ತಿಂದೆ, ಮೇಲೆ ಐಸ್‌ಕ್ಯಾಂಡಿ ಚೀಪಿದೆ. ಸಂಜೆ ಕೃಷ್ಣೆಯ ದಂಡೆಯಲ್ಲಿ ನಿಂತು ಗಂಟಲು ಹರಿಯುವಂತೆ ಕಿರುಚಿದೆ. ಮಾರನೆಯ ಬೆಳಿಗ್ಗೆ ನನ್ನ ಮಹಾದೇವ ಹಳೇ ಬಾಗಿಲಿನಂತೆ ಕಿರ್ರೆಂದ.

ಕಟ್ಟೆಯ ಮೇಲೆ ತೊಡೆ ತಟ್ಟಿದ ಸದ್ದು! "ಬಂತು! ಕಡೀಕೂ ಬಂತಲೇ ತಮ್ಮಾ!" ನನಗಿಂತ ಅವರಿಗೇ ಹೆಚ್ಚು ಖುಷಿ. ಮೂರನೆಯ ದಿನವೇ ಮೈದಾನ. ಬೀಳಗಿ ಕಡೆಯ ಗೂಳಿಕರುವಿನಂಥ ಹುಡುಗನೊಬ್ಬನನ್ನು ನನಗೆ ಜೋಡಿ ಹಚ್ಚಿದರು.

ಆದರೆ ಕುಸ್ತಿಯ ಹಿಂದಿನ ದಿನ ಅವ್ವ, ಮಗನ ಗಂಟಲು ಕೆಟ್ಟಿದೆಯೆಂದು ಮೆಣಸು ಅರಿಸಿನದ ಬಿಸಿಹಾಲು ಮೂರು ಸಲ ಕುಡಿಸಿದ್ದಳು. ನನಗೆ ಅದರ ಅಪಾಯವೇ ತಿಳಿಯಲಿಲ್ಲ. ಹಲಗೆ ಬಡಿಯುತ್ತಿತ್ತು, ಸುತ್ತಲೂ ಜನ. ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಕೂಗಿದೆ. ದನಿ ಗಂಟೆಯಂತೆ ತೆಳ್ಳಗೆ ಹೊರಬಿತ್ತು. ಇಡೀ ಮೈದಾನ ಗೊಳ್ಳೆಂದಿತು.

ವಸ್ತಾದರು ನಡುವೆ ಬಂದು ನನ್ನ ಮುಂದೆ ಅಡ್ಡ ನಿಂತರು. "ಕುಸ್ತಿ ನಿಲ್ಲಸ್ರಿ. ಹುಡುಗಂದೇನೂ ತಪ್ಪಿಲ್ಲ. ನನ್ನ ಕಿವಿಗಿ ವಯಸ್ಸಾತು."

"ಹಂಗಾರ ಇನ್ನ ಮ್ಯಾಲ ಜೋಡಿ ಹಚ್ಚೂದು ನಾವ ನೋಡ್ಕೋತೀವಿ ಬಿಡ್ರಿ" ಎಂದರು ಬೇರೆ ತಾಲೀಮಿನ ಒಬ್ಬರು. ವಸ್ತಾದರು ಆಗಲೆಂದು ತಲೆಯಾಡಿಸಿದರು. ಮರುದಿನದಿಂದ ಅವರು ಕಟ್ಟೆಯ ಮೇಲೆ ನಮ್ಮತ್ತ ಮುಖ ಮಾಡಿ ಕೂತರು. ಹೊಸದಾಗಿ ಬಂದವನಿಗೆ "ನಿನ್ನ ವಯಸ್ಸೆಷ್ಟು?" ಎಂದು ಕೇಳುತ್ತಿದ್ದರು. ಒಂದು ವರ್ಷ ಪೂರ್ತಿ ಅದನ್ನು ನೋಡಿಯೂ ನಾನು ಸುಮ್ಮನಿದ್ದೆ... ಹೇಡಿ ನಾನು.

ಹದಿನೇಳು ದಾಟಿದ ಮೇಲೆ ಒಂದು ಬೆಳಿಗ್ಗೆ, ನಮ್ಮ ಮನೆಯ ಮಗ್ಗದ ಸದ್ದಿನ ಮೇಲೆ ಕೇಳಲೆಂದು "ಯವ್ವಾ, ರೊಟ್ಟಿ ಹಾಕ" ಎಂದು ಒದರಿದೆ. "ಯವ್ವಾ" ಒಬ್ಬನದು, "ರೊಟ್ಟಿ" ಇನ್ನೊಬ್ಬನದು! ಯಾರೋ ಬೀಗರು ಬಂದರೆಂದು ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. ನಾನು ರೊಟ್ಟಿ ಬಿಟ್ಟು ಓಡಿದೆ, ಚಪ್ಪಲಿಯೂ ಇಲ್ಲದೆ. ತಾಲೀಮಿನ ಬಾಗಿಲಲ್ಲಿ ನಿಂತು ಕೂಗಿದೆ. ಹರಹರ ಎತ್ತಲೋ ಹೋಯಿತು, ಮಹಾದೇವ ಎತ್ತಲೋ ಬಿದ್ದ.

ವಸ್ತಾದರು ಮುಖ ಎತ್ತಲಿಲ್ಲ. "ನನಗ ಕೇಳಬ್ಯಾಡ ತಮ್ಮಾ. ನನ್ನ ಕಿವಿ ಹೋಗ್ಯಾವು."

ನನ್ನ ಸಂಭ್ರಮವೆಲ್ಲ ಅಲ್ಲಿಯೇ ನಿಂತಿತು. ಅವರ ಕಾಲು ಹಿಡಿದುಕೊಂಡೆ. "ಹೋಗಿಲ್ರೀ ವಸ್ತಾದ್ರ. ಅವತ್ತ ನಾ ಹುಣಸಿಕಾಯಿ ತಿಂದು ಗಂಟಲಾ ಕೆಡಿಸಿಕೊಂಡ ಬಂದಿದ್ನಿರಿ. ನಿಮಗ ಮೋಸ ಮಾಡೇನ್ರಿ."

ಏಟಿಗಾಗಿ ಕಣ್ಣು ಮುಚ್ಚಿದೆ. ಏಟು ಬರಲಿಲ್ಲ. "ಹುಣಸಿಕಾಯಿ?" ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಬರಿಗಾಲಿನಲ್ಲೇ ಓಣಿಗೆ ಇಳಿದು, ಹಾಲಿನವನನ್ನು, ನೂಲಿನ ಗಂಟು ಹೊತ್ತವನನ್ನು, ಕಂಡಕಂಡವರನ್ನೆಲ್ಲ ನಿಲ್ಲಿಸಿ ಹೇಳಿದರು: "ನನ್ನ ಕಿವಿ ಛಲೋ ಅದಾವಂತ್ರೀ! ಖರೇನ ಛಲೋ ಅದಾವಂತ!" ಮತ್ತೆ ಬಂದು, ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತರು. "ಹೂಂ, ಒದರು." ಒದರಿದೆ. ಅವರ ಕೈ ತೊಡೆಯ ಮೇಲೆ ಬಿತ್ತು. "ಬಂತು."

ಮುಧೋಳದಲ್ಲಿ ಜೋಡಿ ಹಚ್ಚುವ ಮಾನ ಅವರಿಗೆ ಮರಳಿ ಸಿಗಲಿಲ್ಲ. ನಾನು ಎರಡು ವರ್ಷ ಕುಸ್ತಿ ಆಡಿ, ಗೆದ್ದದ್ದಕ್ಕಿಂತ ಹೆಚ್ಚು ಸೋತು, ನೌಕರಿ ಹಿಡಿದು ಬೇರೆ ಊರಿಗೆ ಹೋದೆ. ಅವರು ತೀರಿಕೊಂಡ ಸುದ್ದಿ ತಿಂಗಳು ಕಳೆದ ಮೇಲೆ ತಿಳಿಯಿತು. ಮಣ್ಣು ಕೊಡಲೂ ಆಗಲಿಲ್ಲ...

ಈಚೆಗೆ ನನ್ನ ದನಿ ಮತ್ತೆ ತೆಳ್ಳಗಾಗುತ್ತಿದೆ. ಫೋನಿನಲ್ಲಿ ಗುರುತಿಲ್ಲದವರು ನನ್ನನ್ನು "ಅಮ್ಮಾ" ಎನ್ನುತ್ತಾರೆ. ವಯಸ್ಸಿಗೆ ಹೀಗಾಗುತ್ತದೆ ಎಂದು ಡಾಕ್ಟರು ಕಾಗದ ನೋಡುತ್ತಲೇ ಹೇಳಿದರು. ಮನೆಯಲ್ಲಿ ಯಾರಿಗೂ ಇದು ಇನ್ನೂ ಗೊತ್ತಾಗಿಲ್ಲ. ವಸ್ತಾದರಿದ್ದಿದ್ದರೆ ತಿರುಗಿ ನೋಡದೆಯೇ ಹೇಳುತ್ತಿದ್ದರು.