ಗಂಗಮ್ಮ ಒಪ್ಪುವ ಮಣ್ಣು

ಮಣ್ಣನ್ನು ಹುಡುಕಿಕೊಂಡು ಊರೂರು ಅಲೆಯಬೇಕಾದೀತು ಎಂದು ನಾನು ಎಣಿಸಿರಲಿಲ್ಲ. ನಾಗಸಂದ್ರದ ನಮ್ಮ ಮನೆಯ ಹಿಂದೆ ಒಂದಿಷ್ಟು ಬಯಲು ಜಾಗವಿದೆ. ಅಲ್ಲಿ ಗಂಗಮ್ಮ ಇದ್ದಾಳೆ. ಗಂಗಮ್ಮ ಆಫ್ರಿಕಾ ಮೂಲದ ನೆಲದಾಮೆ. ನೀರೆಂದರೆ ಅಷ್ಟಕ್ಕಷ್ಟೆ, ಆದರೂ ಹೆಂಡತಿ ಆ ಹೆಸರೇ ಇಟ್ಟಳು. ಸಾಕಲು ಬೇಕಾದ ಕಾಗದಪತ್ರಗಳೆಲ್ಲ ಇವೆ; ನಮ್ಮ ಮನೆಯ ಪತ್ರಗಳು ಅಷ್ಟು ಚೊಕ್ಕವಾಗಿಲ್ಲ.

ಈಚೆಗೆ ಅವಳು ಮೇವು ಬಿಟ್ಟಳು. ಗೋಡೆಗುಂಟ ಸುತ್ತುವುದು, ಹಿಂಗಾಲಿನಿಂದ ಕೆದಕುವುದು, ಅರ್ಧಕ್ಕೇ ಬಿಡುವುದು. ವೈದ್ಯೆ ಎಕ್ಸ್‌ರೇ ತೆಗೆದು ಹೊಟ್ಟೆಯೊಳಗಿನ ಮೊಟ್ಟೆಗಳನ್ನು ತೋರಿಸಿದರು. ಗಂಡಾಮೆ ಇಲ್ಲದಿದ್ದರೂ ಮೊಟ್ಟೆ ಕಟ್ಟುತ್ತದಂತೆ, ಮರಿಯಾಗುವುದಿಲ್ಲವಷ್ಟೆ. ಆದರೆ ಮನಸ್ಸಿಗೊಪ್ಪುವ ಮಣ್ಣು ಸಿಗದಿದ್ದರೆ ಒಳಗೇ ಹಿಡಿದುಕೊಂಡು ಸಾಯಬಹುದು. “ಎಂಥ ಮಣ್ಣು ಅಂತ ಅವಳನ್ನೇ ಕೇಳ್ಬೇಕು ಸಾರ್,” ಎಂದರು.

ಬೆಂಗಳೂರಿನವನಿಗೆ ಮೊದಲು ತೋಚುವುದು ಎಂ-ಸ್ಯಾಂಡ್. ಹಾಕಿಸಿದೆ. ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ, ಬಾಗಲಕೋಟೆ ಕಡೆಯ ಗಾರೆ ಕೆಲಸದ ಯಮನಪ್ಪ ಬಗ್ಗಿ ನೋಡಿ ನಕ್ಕ. “ಇದು ಕಲ್ಲಿನ ಪುಡಿರೀ ಸರ. ಕುಣಿ ತೋಡಿದ್ರ ಕುಸೀತೈತಿ.” ಆಮೇಲೆ ಕೆಂಪು ಮಣ್ಣೆಂದು ಒಂದು ಟೆಂಪೊ ಬಂತು. ಯಾವುದೋ ಅಪಾರ್ಟ್‌ಮೆಂಟಿನ ಪಾಯದಿಂದ ತೆಗೆದದ್ದು. ಎರಡೇ ಬಿಸಿಲಿಗೆ ಇಟ್ಟಿಗೆಯಾಯಿತು.

ಆಗ ನೆನಪಾದದ್ದು, ಚಿಕ್ಕಂದಿನಲ್ಲಿ ನಮ್ಮದಾಗಿದ್ದ ಮಾಕಳಿಯ ಹೊಲದ ಮಣ್ಣು. ಕುಂಕುಮದಂಥ ಕೆಂಪು. ಹಿಡಿದರೆ ಉಂಡೆ, ಹೆಬ್ಬೆರಳು ತಾಕಿದರೆ ಪುಡಿ. ಅಕ್ಕನಿಗೆ ಫೋನ್ ಮಾಡಿದೆ.

“ನಮ್ ಒಲ್ದಾಗೆ ಕೆಂಪು ಮಣ್ಣಾ? ಬೂದಿ ಬಣ್ಣ ಕಣೋ. ನೀನೆಲ್ಲಿ ಮುಟ್ಟಿದ್ದೆ? ಕೈಗೆ ಮಣ್ಣಾದ್ರೆ ಅಳ್ತಿದ್ದೆ.”

ಸಾಕ್ಷಿಯಿಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನ ನೆನಪಿಗೆ ಇದ್ದ ಒಬ್ಬಳೇ ಸಾಕ್ಷಿ ತಿರುಗಿಬಿದ್ದರೆ ಏನು ಮಾಡುವುದು, ನೀವೇ ಹೇಳಿ.

ಅಕ್ಕನೂ ನಾನೂ ಹೋಗಿ ನೋಡಿದೆವು. ಹೊಲದ ಮೇಲೆ ಈಗ ಗೋದಾಮು. ಕಾಂಪೌಂಡಿನಾಚೆ, ಹೊಂಗೆ ಮರದ ಬುಡದಲ್ಲಿ ಒಂದು ಪಟ್ಟಿ ನೆಲ ಉಳಿದಿತ್ತು. ಕಾವಲುಗಾರನನ್ನು ಕೇಳಿ ಅಗೆದೆ. ಮಣ್ಣು ಕೆಂಪೂ ಅಲ್ಲ, ಬೂದಿಯೂ ಅಲ್ಲ, ಚಹಾಪುಡಿಯ ಬಣ್ಣ. ಹಿಡಿದೆ, ಉಂಡೆಯಾಯಿತು, ತಾಕಿದೆ, ಉದುರಿತು. ಅಮ್ಮ ಸೊಪ್ಪು ಕಿತ್ತು ಬೇರಿನ ಮಣ್ಣನ್ನು ಕೊಡವುವ ಸದ್ದು ಕಿವಿಗೆ ಬಂದಂತಾಯಿತು. ಅದು ನೆನಪೋ, ಅಲ್ಲೇ ನಿಂತು ನಾನು ಕಟ್ಟಿಕೊಂಡದ್ದೋ, ಪ್ರಮಾಣ ಮಾಡಲಾರೆ.

ನಾಲ್ಕು ಚೀಲ ತಂದೆವು. ಯಮನಪ್ಪ ಅದಕ್ಕೆ ಪಾಯದ ಮಣ್ಣನ್ನು ಕುಟ್ಟಿ ಬೆರೆಸಿ, ನೀರು ಚಿಮುಕಿಸಿ, ಬಯಲಿನ ಒಂದು ಮೂಲೆಯಲ್ಲಿ ಎರಡಡಿ ಆಳಕ್ಕೆ ಹರಡಿದ. ಮೂರನೆಯ ಮಧ್ಯಾಹ್ನ ಗಂಗಮ್ಮ ತೋಡಲು ನಿಂತಳು. ಗುಂಡಿ ಕುಸಿಯಲಿಲ್ಲ. ಒಂದೊಂದಾಗಿ ಮೊಟ್ಟೆಯಿಟ್ಟು, ಮುಚ್ಚಿ, ಹೊಟ್ಟೆಯಿಂದ ಒತ್ತಿ ಒತ್ತಿ ಸಮಮಾಡಿದಳು. ಸಂಜೆಗೆ ಒಂದು ಬುಟ್ಟಿ ದಾಸವಾಳದ ಎಲೆ ತಿಂದಳು.

“ಮರಿ ಆಗಂಗಿಲ್ಲಂದ್ರ ತಗದು ಬಿಡೂಣೇನ್ರೀ?” ಎಂದ ಯಮನಪ್ಪ. ನಾಳೆ ನೋಡೋಣ ಎಂದೆ.

ಅದಾಗಿ ತಿಂಗಳಾಯಿತು. ಅಲ್ಲಿಂದ ಏನೂ ಹೊರಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಬಟ್ಟೆ ಒಣಹಾಕಲು ಹೋಗುವಾಗ ಮಾತ್ರ ಆ ಮೂಲೆಯನ್ನು ತುಳಿಯದೆ ಸುತ್ತು ಬಳಸಿ ಹೋಗುತ್ತೇನೆ. ಮೊನ್ನೆ ಬಂದಿದ್ದ ಅಕ್ಕನೂ ಹಾಗೇ ಬಳಸಿ ಹೋದಳು. ತಲೆಗೆ ಗೊತ್ತಿರುವುದನ್ನೆಲ್ಲ ಕಾಲಿಗೆ ತಿಳಿಸಲೇಬೇಕೆಂದೇನೂ ಇಲ್ಲ.